ರಬ್ಬರ್ ಕಪ್ಲಿಂಗ್ ಬದಲಾಯ್ತು

ನಮ್ಮ ದಾವಣಗೆರೆ ಬಿಸಿಲು ಏರೋಕೆ ಮುಂಚೆ ಕಾರಿನ ಕೆಳಗಿನ ಕೆಲಸ ಮುಗೀತು. ಕಾರು ಅಪ್ಪನ ಹಳೇ ಬೆಂಜ್, ಡಬ್ಲ್ಯು 124 ಮಾಡೆಲ್. ಗೇರ್ ಹಾಕಿದ ಕೂಡಲೇ ತಳದಲ್ಲಿ ‘ಠಕ್’ ಅನ್ನೋದು, ವೇಗ ಹಿಡಿಯುವಾಗ ಸೀಟಿನವರೆಗೂ ನಡುಕ.

ಗೇರ್‌ಬಾಕ್ಸಿನ ಶಕ್ತಿಯನ್ನ ಹಿಂದಿನ ಚಕ್ರಗಳ ಕಡೆಗೆ ಒಯ್ಯೋ ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿನ ಎರಡೂ ತುದಿಗೆ ಒಂದೊಂದು ರಬ್ಬರ್ ಕಪ್ಲಿಂಗ್ (ಜೋಡಿಸೋ ಬಿಲ್ಲೆ) ಇದೆ. ಒಂದೊಂದಕ್ಕೂ ಆರು ಬೋಲ್ಟ್: ಒಂದು ಬಿಟ್ಟು ಒಂದರಂತೆ ಮೂರು ಶಾಫ್ಟಿನ ಕಡೆಗೆ, ಮೂರು ಎದುರಿನ ಕಡೆಗೆ. ಹಳೇದನ್ನ ಬಿಚ್ಚಿ ಕೈಯಲ್ಲಿ ಬಗ್ಗಿಸಿದೆ. ತೂತುಗಳ ನಡುವೆ ರಬ್ಬರ್ ಬಾಯಿ ಬಿಟ್ಟು, ಒಳಗೆ ಸುತ್ತಿದ್ದ ದಾರ ಎಳೆಎಳೆಯಾಗಿ ಕಾಣಿಸ್ತು. ಎಂಜಿನ್ನಿನ ಎಳೆತದ ಜರ್ಕನ್ನ ಇಷ್ಟು ವರ್ಷ ತಾನೇ ನುಂಗಿಕೊಂಡು ಗೇರ್‌ಬಾಕ್ಸನ್ನ ಕಾಪಾಡಿದ್ದು ಇದು. ಬಿಸಾಕೋಕೆ ಮನಸ್ಸೇ ಬರಲಿಲ್ಲ.

‘ಅಣ್ಣಾ, ಗುರುತು ಹಾಕಿದೀಯಾ?’ ಅಂತ ತಮ್ಮ ಪೇಂಟ್ ಹಿಡಿದು ನಿಂತಿದ್ದ. ಒಳ್ಳೇ ಪ್ರಶ್ನೆ. ಶಾಫ್ಟ್ ಮೊದಲಿದ್ದ ಹಾಗೇ ಕೂರಬೇಕು, ಇಲ್ಲದಿದ್ದರೆ ಬ್ಯಾಲೆನ್ಸ್ ಹೋಗುತ್ತೆ. ಬಿಗಿ ಮಾಡುವಾಗ ಬೋಲ್ಟಿನ ತಲೆ ಹಿಡಿದು ನಟ್ ಮಾತ್ರ ತಿರುಗಿಸಬೇಕು, ಬೋಲ್ಟ್ ತಿರುಗಿದರೆ ಹೊಸ ರಬ್ಬರೂ ತಿರುಚಿಕೊಳ್ಳುತ್ತೆ. ಲಾಕ್ ನಟ್ ಹೊಸದೇ ಹಾಕಿ. ಶಾಫ್ಟಿನ ನಡುವಿನ ದೊಡ್ಡ ನಟ್ಟನ್ನು ಕಾರು ಚಕ್ರದ ಮೇಲೆ ನಿಂತು, ಹಿಂದೆ ಮುಂದೆ ತಳ್ಳಿದ ಮೇಲೇ ಬಿಗಿ ಮಾಡೋದು.

ಹರಿಹರದವರೆಗೆ ಓಡಿಸಿ ಬಂದ್ವಿ, ಸದ್ದಿಲ್ಲ. ಹಳೇ ಬೆಂಜ್ ಇಟ್ಟುಕೊಂಡವರು ಸ್ಟ್ಯಾಂಡ್ ಕೊಟ್ಟು ಒಮ್ಮೆ ಕೆಳಗೆ ನೋಡಿ, ಬರೀ ಜಾಕ್ ನಂಬಬೇಡಿ. ಸೀಳು ಕಂಡರೆ ಮುಂದೂಡಬೇಡಿ. ಓಡುವಾಗ ಕಪ್ಲಿಂಗ್ ಹರಿದರೆ ಶಾಫ್ಟ್ ತಳಕ್ಕೇ ಬಡಿಯುತ್ತೆ.