ಟಚ್‌ಡೌನ್ ಬಂತು, ಆದರೂ ಮೈನಸ್

ಅಮೆರಿಕದ ಒಂದು ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದಲ್ಲಿ ನನಗೆ ವಿಡಿಯೊ ವಿಭಾಗದ ಕೆಲಸ. ಫುಟ್‌ಬಾಲ್ ಅಂದರೆ ಇಲ್ಲಿಯದು, ಹೆಚ್ಚಾಗಿ ಕೈಯಲ್ಲೇ ಆಡುವಂಥದ್ದು. ಎಂ.ಎಸ್. ಓದಲು ಬಂದವರಿಗೆ ವಾರಕ್ಕೆ 20 ಗಂಟೆ ಕ್ಯಾಂಪಸ್ಸಿನೊಳಗೆ ದುಡಿಯಲು ಅವಕಾಶ ಇರುತ್ತದೆ. ಮೆಸ್ಸಿನಲ್ಲಿ ತಟ್ಟೆ ತೊಳೆಯುವುದಕ್ಕಿಂತ ಕ್ಯಾಮೆರಾ ಹಿಡಿಯುವುದು ವಾಸಿ ಅಂತ ಸೇರಿದವನು ಅಲ್ಲೇ ಉಳಿದುಬಿಟ್ಟೆ. ಊರಿಗೆ ಹೋದಾಗಲೆಲ್ಲ "ಅದರಲ್ಲಿ ನಿನಗೇನಪ್ಪಾ ಕೆಲಸ?" ಅನ್ನುವ ಪ್ರಶ್ನೆ ತಪ್ಪಿದ್ದಲ್ಲ. ಅದಕ್ಕೆ ನನ್ನ ಉತ್ತರಕ್ಕಿಂತ, ನಾನು ದಿನವೂ ಯಾರ ಪಕ್ಕ ಕೂರುತ್ತೇನೋ ಅವರ ಕೆಲಸದ ಬಗ್ಗೆ ಹೇಳುವುದೇ ಮೇಲು. ಅವರು ಕ್ವಾರ್ಟರ್‌ಬ್ಯಾಕ್ಸ್ ಕೋಚ್.

ಕ್ರಿಕೆಟ್ಟಿನ ಬ್ಯಾಟಿಂಗ್ ಕೋಚ್ ಅಂದುಕೊಳ್ಳಿ, ಆದರೆ ಇಡೀ ತಂಡಕ್ಕಲ್ಲ, ಒಬ್ಬ ಬ್ಯಾಟ್ಸ್‌ಮನ್‌ಗೆ ಮಾತ್ರ. ಕೋಣೆಯಲ್ಲಿ ಮೂರ್ನಾಲ್ಕು ಹುಡುಗರು ಕೂತಿರುತ್ತಾರೆ, ಮೈದಾನಕ್ಕೆ ಇಳಿಯುವವನು ಒಬ್ಬನೇ. ಅವನೇ ಕ್ವಾರ್ಟರ್‌ಬ್ಯಾಕ್. ಪ್ರತಿ ಆಟದಲ್ಲೂ (ಆಟ ಅಂದರೆ ಇಲ್ಲಿ ಇಡೀ ಪಂದ್ಯವಲ್ಲ, ಅದರೊಳಗಿನ ಒಂದೊಂದು ಯತ್ನ) ಚೆಂಡು ಬಂದು ಸೇರುವುದು ಅವನ ಕೈಗೆ. ಯಾರಿಗೆ ಎಸೆಯಬೇಕು ಅಂತ ಎರಡು-ಮೂರು ಸೆಕೆಂಡಿನಲ್ಲಿ ಅವನೇ ತೀರ್ಮಾನಿಸಬೇಕು, ಅಷ್ಟರಲ್ಲಿ ನೂರಿಪ್ಪತ್ತು-ಮೂವತ್ತು ಕಿಲೋ ತೂಗುವ ಆಳುಗಳು ಅವನನ್ನು ಕೆಡವಲು ನುಗ್ಗುತ್ತಿರುತ್ತಾರೆ.

ಶನಿವಾರ ಪಂದ್ಯ, ಭಾನುವಾರ ಲೆಕ್ಕ. ಎಲ್ಲ ಆಟಗಳನ್ನೂ ಕತ್ತರಿಸಿ, ಎಷ್ಟನೇ ಡೌನ್ (ಹತ್ತು ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಎಷ್ಟನೆಯದು), ಎಷ್ಟು ಗಜ ಬೇಕಿತ್ತು, ಎದುರಾಳಿಯ ರಕ್ಷಣೆ ಯಾವ ಬಗೆಯದು ಅಂತ ಗುರುತು ಹಾಕಿ ಕೊಡುವುದು ನಮ್ಮ ವಿಭಾಗದ ಪಾಲು. ಕೋಚ್ ಅದನ್ನು ನೋಡುತ್ತ ಗ್ರೇಡ್ ಶೀಟ್ ತುಂಬುತ್ತಾರೆ. ಪ್ರತಿ ಆಟಕ್ಕೂ ಮೂರು ಮನೆ: ನಿರ್ಧಾರ, ಕಾಲು, ಎಸೆತ. ಪ್ಲಸ್ ಅಥವಾ ಮೈನಸ್, ಅಷ್ಟೇ. ಆಟದ ಫಲಿತಾಂಶಕ್ಕೆ ಆ ಹಾಳೆಯಲ್ಲಿ ಮನೆಯೇ ಇಲ್ಲ. ಇದು ನನ್ನ ತಲೆಗೆ ಹತ್ತಲು ಒಂದು ಇಡೀ ಸೀಸನ್ ಬೇಕಾಯಿತು.

ಒಂದು ಭಾನುವಾರದ್ದು ಹೇಳುತ್ತೇನೆ. ಹಿಂದಿನ ದಿನ ಇಡೀ ಸ್ಟೇಡಿಯಂ ಎದ್ದು ಕುಣಿದಿದ್ದ ಟಚ್‌ಡೌನ್, ಅಂದರೆ ಚೆಂಡು ಎದುರಾಳಿಯ ಕೊನೇ ಗೆರೆ ದಾಟಿದ ಆಟ, ಪರದೆಯ ಮೇಲಿತ್ತು. ಆಟದ ಹೆಸರು ಸ್ಮ್ಯಾಶ್. ಹೊರಗಿನ ರಿಸೀವರ್ (ಎಸೆದ ಚೆಂಡು ಹಿಡಿಯುವವನು) ಐದು ಗಜ ಓಡಿ ಗಕ್ಕನೆ ನಿಂತು ತಿರುಗುತ್ತಾನೆ. ಒಳಗಿನವನು ಅವನ ಹಿಂದಿನ ಜಾಗಕ್ಕೆ, ಮೂಲೆಯತ್ತ ಓಡುತ್ತಾನೆ. ಕ್ವಾರ್ಟರ್‌ಬ್ಯಾಕ್ ನೋಡಬೇಕಾದ್ದು ಒಬ್ಬನನ್ನೇ, ಆ ಬದಿಯ ಕಾರ್ನರ್‌ಬ್ಯಾಕನ್ನು, ಅಂದರೆ ಅಂಚಿನಲ್ಲಿ ರಿಸೀವರ್‌ಗಳನ್ನು ಕಾಯುವ ಎದುರಾಳಿಯನ್ನು. ಅವನು ಹಿಂದೆ ಸರಿದರೆ ಮುಂದಿನವನಿಗೆ ಎಸೆ, ಮುಂದೆಯೇ ನಿಂತರೆ ಹಿಂದಿನವನಿಗೆ ಎಸೆ. ಆ ಶನಿವಾರ ಕಾರ್ನರ್‌ಬ್ಯಾಕ್ ಸ್ಪಷ್ಟವಾಗಿ ಹಿಂದೆ ಸರಿದಿದ್ದ, ಮುಂದಿನ ರಿಸೀವರ್ ಸುತ್ತ ಒಂದು ನರಪಿಳ್ಳೆ ಇರಲಿಲ್ಲ. ನಮ್ಮ ಹುಡುಗ ಎಸೆದದ್ದು ಹಿಂದಕ್ಕೆ. ಕಾರ್ನರ್‌ಬ್ಯಾಕ್ ಹಾರುವಾಗ ಕಾಲು ಜಾರಿತು, ಚೆಂಡು ಅವನ ಬೆರಳ ತುದಿ ದಾಟಿ ಹೋಯಿತು. ಆರು ಅಂಕ.

ಕೋಚ್ ವಿಡಿಯೊ ನಿಲ್ಲಿಸಿ ಕೇಳಿದರು, "ಏನು ನೋಡಿದೆ?"

"ಟಚ್‌ಡೌನ್ ಆಯ್ತಲ್ಲ ಕೋಚ್."

"ಆಗಿದ್ದು ನನಗೂ ಕಾಣಿಸ್ತು. ನೀನು ಏನು ನೋಡಿದೆ?"

ಹುಡುಗ ಸುಮ್ಮನಾದ. ನಿರ್ಧಾರದ ಮನೆಯಲ್ಲಿ ಮೈನಸ್ ಬಿತ್ತು. ಅದೇ ಪಂದ್ಯದಲ್ಲಿ ಎದುರಾಳಿ ಚೆಂಡು ಕಸಿದುಕೊಂಡ ಒಂದು ಆಟ ಇತ್ತು. ಪೇಪರಿನವರು ಬರೆದು ಬರೆದು ಹಾಕಿದ್ದರು. ಅದರಲ್ಲಿ ಹುಡುಗ ನೋಡಬೇಕಾದವನನ್ನು ನೋಡಿದ್ದ, ಕಾಲು ನೆಟ್ಟಗಿತ್ತು, ಚೆಂಡು ರಿಸೀವರ್‌ನ ಎರಡೂ ಅಂಗೈಗೆ ಬಡಿದು ಮೇಲಕ್ಕೆ ಚಿಮ್ಮಿತ್ತು. ಮೂರೂ ಮನೆಗೆ ಪ್ಲಸ್. ಬೈಗುಳದ ಮಧ್ಯೆ ಮಲಗಿ ಎದ್ದು ಬಂದಿದ್ದ ಹುಡುಗನ ಮುಖ ಆಗ ನೋಡಬೇಕಿತ್ತು.

ಇದರ ಹಿಂದೆ ಕಾರಣವೂ ಇದೆ. ಇಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ 1994ರಿಂದ ಕ್ವಾರ್ಟರ್‌ಬ್ಯಾಕ್ ಹೆಲ್ಮೆಟ್ಟಿನೊಳಗೆ ರೇಡಿಯೊ ಇದೆ, ಕಾಲೇಜಿನ ಮೇಲಿನ ಹಂತಕ್ಕೆ ಅದು 2024ರಲ್ಲಿ ಬಂತು. ಆದರೆ ಮುಂದಿನ ಆಟ ಶುರುಮಾಡಲು ಕೊಡುವ ಸಮಯದ ಗಡಿಯಾರ 15 ಸೆಕೆಂಡಿಗೆ ಇಳಿಯುತ್ತಲೇ ಧ್ವನಿ ಕಡಿದುಹೋಗುತ್ತದೆ. ಆಮೇಲೆ ಕೋಚ್ ಅರಚಿದರೂ ಪ್ರಯೋಜನ ಇಲ್ಲ. ಹಾಗಾಗಿ ಕಲಿಸಬೇಕಾದ್ದು ಕೋಚ್ ಕಿವಿಯಲ್ಲಿ ಇಲ್ಲದಾಗ ಹುಡುಗ ಮಾಡುವ ಕೆಲಸವನ್ನು. ಅದೃಷ್ಟಕ್ಕೆ ಪ್ಲಸ್ ಕೊಟ್ಟರೆ ಮುಂದಿನ ವಾರ ಅದೇ ಆಟದಲ್ಲಿ ಅವನು ಮತ್ತೆ ಹಿಂದಕ್ಕೇ ಎಸೆಯುತ್ತಾನೆ, ಆಗ ಎದುರಿನವನ ಕಾಲು ಜಾರುವುದಿಲ್ಲ. ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ನಿಯಮದಂತೆ ಸೀಸನ್ನಿನಲ್ಲಿ ಹುಡುಗರಿಗೆ ಸಿಗುವುದೂ ವಾರಕ್ಕೆ 20 ಗಂಟೆ (ನನ್ನ ವೀಸಾಕ್ಕೂ ಅವರ ಅಭ್ಯಾಸಕ್ಕೂ ಒಂದೇ ಲೆಕ್ಕ ಅಂತ ನಗುತ್ತಿದ್ದೆ). ಅಷ್ಟರಲ್ಲಿ ಹತ್ತು ವಿಷಯ ತಿದ್ದಲು ಆಗುವುದಿಲ್ಲ. ನಮ್ಮ ಕೋಚ್ ವಾರಕ್ಕೆ ಒಂದನ್ನೇ ಹಿಡಿಯುತ್ತಿದ್ದರು, ಹೆಚ್ಚಾಗಿ ಕಾಲನ್ನು. ತೋಳಿನ ಬಗ್ಗೆ ಅವರು ಮಾತಾಡಿದ್ದು ಕಡಿಮೆ.

ಕಾಲಿಗೆ ಯಾಕೆ ಅಷ್ಟು ಬೆಲೆ ಅನ್ನುವುದಕ್ಕೆ ಬಿಲ್ ವಾಲ್ಶ್ ಹತ್ತಿರ ಹೋಗಬೇಕು. 1968ರಿಂದ 1975ರವರೆಗೆ ಅವರು ಸಿನ್ಸಿನಾಟಿ ಬೆಂಗಾಲ್ಸ್ ಅನ್ನುವ ವೃತ್ತಿಪರ ತಂಡದಲ್ಲಿ ಸಹಾಯಕ ಕೋಚ್. ದೂರ ಎಸೆಯಬಲ್ಲ ಕ್ವಾರ್ಟರ್‌ಬ್ಯಾಕ್ ಗ್ರೆಗ್ ಕುಕ್‌ನ ಭುಜಕ್ಕೆ ಪೆಟ್ಟಾಯಿತು, ಕೈಗೆ ಸಿಕ್ಕಿದ್ದು ಅಷ್ಟು ಬಲವಿಲ್ಲದ, ಆದರೆ ಗುರಿ ತಪ್ಪದ ವರ್ಜಿಲ್ ಕಾರ್ಟರ್. ವಾಲ್ಶ್ ಅವನಿಗೆ ತಕ್ಕಂತೆ ಆಟವನ್ನೇ ಬದಲಿಸಿದರು: ಚಿಕ್ಕ ಪಾಸು, ಕ್ವಾರ್ಟರ್‌ಬ್ಯಾಕ್ ಹಿಂದಿಡುವ ಹೆಜ್ಜೆಗೂ ರಿಸೀವರ್‌ನ ಓಟಕ್ಕೂ ತಾಳ. ಐದನೇ ಹೆಜ್ಜೆ ಊರುವಾಗ ಮೊದಲನೆಯವನು ಖಾಲಿ ಇದ್ದರೆ ಎಸೆ, ಇಲ್ಲದಿದ್ದರೆ ಒಂದು ಪುಟ್ಟ ಹೆಜ್ಜೆ, ಕಣ್ಣು ಎರಡನೆಯವನ ಮೇಲೆ. ಹೆಜ್ಜೆ ತಪ್ಪಿದರೆ ನೋಟವೂ ತಪ್ಪಿತು ಅಂತಲೇ. ಮೈದಾನದ ತುದಿಯಲ್ಲಿಡುವ ಎಂಡ್‌ಝೋನ್ ಕ್ಯಾಮೆರಾದಲ್ಲಿ ಪಾದ ಸ್ಪಷ್ಟವಾಗಿ ಕಾಣಬೇಕು ಅಂತ ನಮ್ಮ ಕೋಚ್ ನನ್ನ ಜೀವ ತಿನ್ನುತ್ತಿದ್ದದ್ದು ಇದಕ್ಕೇ.

ಇನ್ನು ಆ ವಾಲ್ಶ್‌ಗೇ ಏನಾಯಿತು ನೋಡಿ. 1975ರ ಸೀಸನ್ ಮುಗಿದ ಮೇಲೆ ಪಾಲ್ ಬ್ರೌನ್ ನಿವೃತ್ತರಾದಾಗ ಹೆಡ್ ಕೋಚ್ ಕುರ್ಚಿ ಸಿಕ್ಕಿದ್ದು ಬಿಲ್ ಜಾನ್ಸನ್‌ಗೆ. ವಾಲ್ಶ್ ಗಂಟುಮೂಟೆ ಕಟ್ಟಿದರು. 1979ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್‌ಗೆ ಹೆಡ್ ಕೋಚ್ ಆಗಿ ಬಂದ ಮೊದಲ ವರ್ಷ ಗೆದ್ದದ್ದು 2 ಪಂದ್ಯ, ಸೋತದ್ದು 14. ಸ್ಕೋರ್‌ಬೋರ್ಡ್ ಒಂದನ್ನೇ ನೋಡುವ ಮಾಲೀಕ ಅವತ್ತೇ ಮನೆಗೆ ಕಳಿಸುತ್ತಿದ್ದ. ಇವರನ್ನು ಉಳಿಸಿಕೊಂಡರು. 1982ರ ಜನವರಿಯಲ್ಲಿ ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್ ಗೆದ್ದರು, ಅದೂ ಬೆಂಗಾಲ್ಸ್ ವಿರುದ್ಧವೇ, 26-21. ಎದುರು ನಿಂತಿದ್ದ ಕ್ವಾರ್ಟರ್‌ಬ್ಯಾಕ್ ಕೆನ್ ಆಂಡರ್ಸನ್, ಇವರೇ ಸಿನ್ಸಿನಾಟಿಯಲ್ಲಿ ತಿದ್ದಿ ತೀಡಿದ್ದ ಹುಡುಗ.

ಎಲ್ಲರಿಗೂ ಹೀಗೆ ಆಗುವುದಿಲ್ಲ. ಈ ವೃತ್ತಿಯ ವಿಚಿತ್ರ ಇರುವುದೇ ಇಲ್ಲಿ: ಹುಡುಗನ ಹಾಳೆಯಲ್ಲಿ ಫಲಿತಾಂಶಕ್ಕೆ ಮನೆ ಇಲ್ಲ, ಕೋಚ್‌ನ ಹಾಳೆಯಲ್ಲಿ ಫಲಿತಾಂಶ ಬಿಟ್ಟು ಬೇರೇನೂ ಇಲ್ಲ. ಎನ್‌ಎಫ್‌ಎಲ್‌ನಲ್ಲಿ 32 ತಂಡ, ಹೆಚ್ಚುಕಡಿಮೆ ಅಷ್ಟೇ ಕುರ್ಚಿ. ಹೆಡ್ ಕೋಚ್ ಹೋದರೆ ಕೆಳಗಿನವರೂ ಸಾಮಾನ್ಯವಾಗಿ ಅವರ ಜೊತೆಗೇ ಹೊರಡಬೇಕು.

ಬಫಲೊ ಬಿಲ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಜಾಶ್ ಆಲನ್ ಕಥೆ ತೆಗೆದುಕೊಳ್ಳಿ. ಗುರಿ ಮುಟ್ಟಿದ ಪಾಸುಗಳು 2018ರಲ್ಲಿ ಶೇ 52.8, 2019ರಲ್ಲಿ ಶೇ 58.8, 2020ರಲ್ಲಿ ಶೇ 69.2. ಯಾರಿಗೆ ಸಲ್ಲಬೇಕು ಇದು? 2019ರಲ್ಲಿ ಬಂದ ಕ್ವಾರ್ಟರ್‌ಬ್ಯಾಕ್ಸ್ ಕೋಚ್ ಕೆನ್ ಡಾರ್ಸಿಗೋ, ಆಟ ಹೆಣೆಯುತ್ತಿದ್ದ ಕೋಆರ್ಡಿನೇಟರ್ ಬ್ರಯನ್ ಡೇಬಲ್‌ಗೋ, ರಜೆಯಲ್ಲಿ ತಿದ್ದಿದ ಖಾಸಗಿ ಕೋಚ್ ಜಾರ್ಡನ್ ಪಾಮರ್‌ಗೋ, 2020ರಲ್ಲಿ ತಂಡ ಸೇರಿದ ರಿಸೀವರ್ ಸ್ಟೆಫಾನ್ ಡಿಗ್ಸ್‌ಗೋ? ಡೇಬಲ್ 2022ರಲ್ಲಿ ನ್ಯೂಯಾರ್ಕ್ ಜೈಂಟ್ಸ್‌ನ ಹೆಡ್ ಕೋಚ್ ಆದರು, ಡಾರ್ಸಿ ಅವರ ಜಾಗಕ್ಕೆ ಏರಿದರು. 2023ರ ನವೆಂಬರ್ 13ರಂದು ಡೆನ್ವರ್ ವಿರುದ್ಧ ಕೊನೇ ಕ್ಷಣ. ಎದುರಾಳಿ ಗೋಲ್ ಕಂಬಗಳ ನಡುವೆ ಒದೆಯಬೇಕಿದ್ದ ಫೀಲ್ಡ್ ಗೋಲ್ ತಪ್ಪಿತು, ಬಿಲ್ಸ್ ಗೆದ್ದ ಹಾಗೇ. ಆದರೆ ಹನ್ನೊಂದೇ ಜನ ಇರಬೇಕಾದಲ್ಲಿ ಬಿಲ್ಸ್‌ನ ಹನ್ನೆರಡು ಜನ ಮೈದಾನದಲ್ಲಿದ್ದರು! ದಂಡ, ಮತ್ತೊಮ್ಮೆ ಒದೆತ, 24-22ರ ಸೋಲು. ಮರುದಿನ ಕೆಲಸ ಹೋದದ್ದು ಡಾರ್ಸಿಯದು. ಹನ್ನೆರಡನೆಯವನನ್ನು ಇಳಿಸಿದ್ದು ಅವರಲ್ಲ. ಆ ಪಂದ್ಯದಲ್ಲಿ ಅವರು ನೋಡಿಕೊಳ್ಳುತ್ತಿದ್ದ ದಾಳಿಯ ಕಡೆಯವರು ನಾಲ್ಕು ಸಲ ಚೆಂಡು ಕಳೆದುಕೊಂಡಿದ್ದೂ ನಿಜ. ಆದರೂ ಆ ಒದೆತ ಒಂದೇ ಸಲಕ್ಕೆ ಮುಗಿದಿದ್ದರೆ ಮರುದಿನವೇ ಹೋಗುತ್ತಿದ್ದರೇ ಅನ್ನುವುದು ನನ್ನ ಅನುಮಾನ. ಅವರ ಜಾಗಕ್ಕೆ ಬಂದ ಜೋ ಬ್ರೇಡಿ ಯಾರು ಅಂತೀರಿ? ಅದೇ ತಂಡದ ಕ್ವಾರ್ಟರ್‌ಬ್ಯಾಕ್ಸ್ ಕೋಚ್.

ಇಷ್ಟಿದ್ದರೂ ಜನ ಈ ಕುರ್ಚಿಗೆ ಹಾತೊರೆಯಲು ಕಾರಣ ಇಲ್ಲಿಂದ ಮೇಲಕ್ಕೆ ಇರುವ ಏಣಿ. ಮೈಕ್ ಹೋಮ್‌ಗ್ರೆನ್ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ಬಿವೈಯು ಅನ್ನುವ ವಿಶ್ವವಿದ್ಯಾಲಯ, ಆಮೇಲೆ 49ಅರ್ಸ್‌ನ ಕ್ವಾರ್ಟರ್‌ಬ್ಯಾಕ್ ಕೋಣೆ ದಾಟಿ 1992ರಲ್ಲಿ ಗ್ರೀನ್ ಬೇ ಹೆಡ್ ಕೋಚ್ ಆದರು. ಅವರ ಕೈಕೆಳಗಿದ್ದ ಆಂಡಿ ರೀಡ್ ಆಡುವ ಕಾಲಕ್ಕೆ ಕ್ವಾರ್ಟರ್‌ಬ್ಯಾಕೇ ಅಲ್ಲ, ಮುಂದಿನ ಸಾಲಿನಲ್ಲಿ ತಳ್ಳಾಡುವ ಲೈನ್‌ಮನ್. 1997-98ರಲ್ಲಿ ಗ್ರೀನ್ ಬೇ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾವ್ರ್‌ನ ಕೋಚ್ ಆಗಿದ್ದವರು, ಕೋಆರ್ಡಿನೇಟರ್ ಮೆಟ್ಟಿಲನ್ನೇ ಹತ್ತದೆ 1999ರಲ್ಲಿ ಫಿಲಡೆಲ್ಫಿಯಾ ಹೆಡ್ ಕೋಚ್.

ನನ್ನ ಕೆಲಸಕ್ಕೆ ಬರೋಣ. ಈಗ ನನ್ನ ಕೆಳಗೆ ಕ್ಯಾಮೆರಾ ಹಿಡಿಯುವ ವಿದ್ಯಾರ್ಥಿಗಳಿದ್ದಾರೆ. ಅವರಿಗೆ ಮೊದಲ ಪಾಠ: ಇಪ್ಪತ್ತೆರಡೂ ಆಟಗಾರರು ಫ್ರೇಮಿನಲ್ಲಿರಬೇಕು, ಚೆಂಡಿನ ಹಿಂದೆ ಓಡಬೇಡಿ. ಹೋದ ಸೀಸನ್ನಿನಲ್ಲಿ ಒಬ್ಬ ಚೆಂಡಿನ ಹಿಂದೆಯೇ ಝೂಮ್ ಮಾಡಿದ. ಒಂದೇ ಕೈಯಲ್ಲಿ ಹಿಡಿದ ಅಪರೂಪದ ಕ್ಯಾಚ್ ಕಣ್ಣಿಗೆ ಕಟ್ಟುವಂತೆ ಸಿಕ್ಕಿತು. ಇನ್‌ಸ್ಟಾಗ್ರಾಮಿನಲ್ಲಿ ಹಾಕಿದರು, ಭರ್ಜರಿ ಓಡಿತು. ಕೋಚ್‌ಗಳಿಗೆ ಆ ತುಣುಕು ಮೂರು ಕಾಸಿಗೂ ಬರಲಿಲ್ಲ, ಎಲ್ಲರಿಗಿಂತ ಹಿಂದೆ ನಿಂತು ಕಾಯುವ ಇಬ್ಬರು ರಕ್ಷಕರೇ (ಸೇಫ್ಟಿಗಳು) ಅದರಲ್ಲಿ ಇರಲಿಲ್ಲ. ನಾನು ಮೈನಸ್ ಹಾಕಿದೆ, ಪಕ್ಕದಲ್ಲಿ ಕೂರಿಸಿಕೊಂಡು "ಒತ್ತುವ ಮುಂಚೆ ಏನು ನೋಡಿದೆ?" ಅಂತಲೇ ಕೇಳಿದೆ. ಇನ್ನೊಬ್ಬಳ ವಿಡಿಯೊ ಗಾಳಿಗೆ ಅಲುಗಾಡಿ ಮಸುಕಾಗಿತ್ತು, ಆದರೆ ಫ್ರೇಮು ಒಮ್ಮೆಯೂ ತಪ್ಪಿರಲಿಲ್ಲ. ಅವಳಿಗೆ ಪ್ಲಸ್, ಜೊತೆಗೆ ಟ್ರೈಪಾಡಿಗೆ ಕಟ್ಟಲು ಮರಳಿನ ಚೀಲ.

ವರ್ಷದ ಕೊನೆಗೆ ಆಡಳಿತದವರ ಅಪ್ರೈಸಲ್ ಫಾರ್ಮ್ ಬರುತ್ತದೆ. ಅದರಲ್ಲಿ ಒಬ್ಬೊಬ್ಬರಿಗೂ ಒಂದೇ ಅಂಕ, ಒಂದರಿಂದ ಐದರವರೆಗೆ. ನಿರ್ಧಾರಕ್ಕೆ, ಫಲಿತಾಂಶಕ್ಕೆ ಬೇರೆ ಬೇರೆ ಮನೆ ಮಾಡಿ ಅಂತ ಕೇಳಿ ನೋಡಿದೆ. ಸಾಫ್ಟ್‌ವೇರಿನಲ್ಲಿ ಜಾಗ ಇಲ್ಲವಂತೆ. ಅವರಿಗೆ ಬೇಕಾದ ಒಂದು ಅಂಕ ತುಂಬಿ ಕಳಿಸುತ್ತೇನೆ. ನನ್ನ ಹಾಳೆ ಹುಡುಗರಿಗೆ ಕೊಡುತ್ತೇನೆ.