ಉಪ್ಪು ಹೊತ್ತ ಲಾರಿಗೆ ಬಣ್ಣ

ಸೆಪ್ಟೆಂಬರ್ 29, 2024, ಭಾನುವಾರ
ಅಂಕೋಲಾ

ಮಳೆ ಹೊಳವಾಗಿದೆ. ಬೆಳಗ್ಗೆ ಬೇಗನೆ ನಾನು, ಕ್ಲೀನರ್ ಹುಡುಗ ಸೇರಿ ಲಾರಿಯ ಬಿಡಿಸಾಮಾನು ಬಿಚ್ಚಲು ಕೂತೆವು. ಟೂಲ್ ಬಾಕ್ಸ್, ಬ್ಯಾಟರಿ ಪೆಟ್ಟಿಗೆ, ಕ್ಯಾಬಿನ್ ಮೇಲಿನ ಕ್ಯಾರಿಯರ್, ಅದಕ್ಕೆ ಹತ್ತುವ ಏಣಿ, ಕನ್ನಡಿಯ ತೋಳು, ಸ್ಟೆಪ್ನಿ ಬ್ರಾಕೆಟ್. ರಾತ್ರಿಯೇ ಡೀಸೆಲ್ ಬಿಟ್ಟಿಟ್ಟಿದ್ದರೂ ಅರ್ಧದಷ್ಟು ಬೋಲ್ಟು ಪಾನಾಕ್ಕೆ ಬಗ್ಗಲಿಲ್ಲ. ಗ್ರೈಂಡರ್ ಹಿಡಿದು ತಲೆ ಹಾರಿಸಿದ್ದಾಯಿತು.

ಆಯುಧಪೂಜೆ ಅಕ್ಟೋಬರ್ 11ಕ್ಕೆ. ಆ ವಾರ ಊರಿನ ಪೇಂಟರುಗಳು ಯಾರ ಕೈಗೂ ಸಿಗುವುದಿಲ್ಲ. ಅದೊಂದೇ ಕಾರಣವಲ್ಲ. ನಮ್ಮ ಲಾರಿ ಬೇಸಿಗೆಯಿಡೀ ಸಾಣಿಕಟ್ಟೆಯ ಉಪ್ಪು ಹೊರುತ್ತದೆ. ತಾಡಪತ್ರೆ ಎಷ್ಟೇ ಬಿಗಿದರೂ ಡಾಲಾದ (ಸರಕು ತುಂಬುವ ತೊಟ್ಟಿಯ) ಸಂದಿಯಿಂದ ಪುಡಿ ಉದುರಿ ಚಾಸಿಗೆ, ಮೂಲೆಮೂಲೆಗೆ ಸೇರಿಕೊಳ್ಳುತ್ತದೆ. ಆಮೇಲೆ ನಾಲ್ಕು ತಿಂಗಳ ಮಳೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ. ಮೀರಿ ಸುರಿಯುತ್ತದಲ್ಲ, ಮೇಲ್ಮೈಯ ಉಪ್ಪನ್ನೇನೋ ತೊಳೆಯುತ್ತದೆ, ಬಣ್ಣದ ಅಡಿಗೆ ಹೊಕ್ಕಿದ್ದನ್ನು ಮಾತ್ರ ನೆನೆಸಿಟ್ಟು ಹೋಗುತ್ತದೆ.

ಪೇಂಟರ್ ಬಂದವನೇ ವೈರ್ ಬ್ರಶ್ ಕೈಗೆತ್ತಿಕೊಂಡ. ತಡೆದೆ, ಮೊದಲು ನೀರು ಅಂದೆ. “ಇಷ್ಟೆಲ್ಲ ಎಂತಕ್ಕೆ ಮಾರಾಯ, ಮೇಲಿಂದ ಒಂದು ಕಪ್ಪು ಎಳೆದ್ರೆ ಎಫ್‌ಸಿ ಆಗ್ತದೆ” ಅಂದ. ಆಗುತ್ತದೆ, ಸುಳ್ಳಲ್ಲ. ಲಾರಿಗೆ ಎಂಟು ವರ್ಷ ದಾಟಿದ ಮೇಲೆ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಪ್ರತಿವರ್ಷದ ಪಾಡು, ಹಾಗಾಗಿ ವರ್ಷಕ್ಕೊಂದು ಕಪ್ಪು ಕೋಟು ಎಳೆದು ದಾಟಿಸುವವರೇ ಜಾಸ್ತಿ. ಆ ಕೋಟು ತುಕ್ಕನ್ನು ಮುಚ್ಚುತ್ತದೆಯೇ ಹೊರತು ತಡೆಯುವುದಿಲ್ಲ. ತುಕ್ಕಿನ ಸಣ್ಣ ಗುಳಿಗಳಲ್ಲಿ ಉಪ್ಪು ಕೂತಿರುತ್ತದೆ. ಒಣ ಬ್ರಶ್ಶಿನಲ್ಲಿ ಉಜ್ಜಿದರೆ ತಗಡು ಹೊಳೆಯುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಮೇಲೆ ಬಣ್ಣ ಬಿದ್ದರೂ ಆ ಉಪ್ಪು ಗಾಳಿಯ ತೇವವನ್ನು ಬಣ್ಣದ ಪದರದ ಮೂಲಕವೇ ಒಳಗೆ ಎಳೆದುಕೊಳ್ಳುತ್ತದೆ, ಸಣ್ಣ ಗುಳ್ಳೆ ಏಳುತ್ತದೆ. ಕಬ್ಬಿಣ ತುಕ್ಕಾದಾಗ ಎರಡು ಪಟ್ಟಿಗೂ ಮೀರಿ ಉಬ್ಬುವುದರಿಂದ ಆಮೇಲೆ ಹಪ್ಪಳದ ಹಾಗೆ ಪದರವೇ ಏಳುತ್ತದೆ.

ಹಾಗಾಗಿ ತೊಳೆದೆವು, ಉಜ್ಜಿದೆವು, ಮತ್ತೆ ತೊಳೆದೆವು. ಬಾವಿಯ ನೀರೇ. ಈ ಕೆಲಸವನ್ನು ಏಪ್ರಿಲ್ಲಿನಲ್ಲಿ ಇಟ್ಟುಕೊಳ್ಳದಿರುವುದೂ ಇದಕ್ಕೇ: ಬೇಸಿಗೆಯಲ್ಲಿ ನಮ್ಮ ಬಾವಿ ಸವಳಾಗುತ್ತದೆ, ಉಪ್ಪನ್ನು ಉಪ್ಪುನೀರಿನಲ್ಲಿ ತೊಳೆದು ಏನು ಬಂತು? ಬ್ಯಾಟರಿ ಪೆಟ್ಟಿಗೆಗೆ ಮಾತ್ರ ಮೊದಲು ಅಡುಗೆ ಸೋಡಾದ ನೀರು. ಆಸಿಡ್ ತಾಗಿದ ಕಡೆ ಬುರುಬುರು ನೊರೆ ಬಂತು. ನೊರೆ ನಿಂತ ಮೇಲೆ ನೋಡಿದರೆ ತಳದಲ್ಲಿ ಬೆರಳು ತೂರುವಷ್ಟು ತೂತು. ಅದನ್ನು ಗುಜರಿಗೆ ಎತ್ತಿಟ್ಟೆ. ತಗಡೇ ಇಲ್ಲದ ಕಡೆ ಪುಟ್ಟಿ ತುಂಬಿ ಬಣ್ಣ ಹೊಡೆಯುವುದು ನನಗಾಗದು.

ಗುಳಿ ಬಿದ್ದ ಕಡೆಗೆಲ್ಲ ಫಾಸ್ಫಾರಿಕ್ ಆಸಿಡ್ಡಿನ ರಸ್ಟ್ ಕನ್ವರ್ಟರ್ ಹಚ್ಚಿದೆವು, ಕೈಗೆ ಗ್ಲೌಸ್ ಹಾಕಿಕೊಂಡೇ. ಕೆಂಪು ತುಕ್ಕು ನೋಡನೋಡುತ್ತಲೇ ಕಪ್ಪಾಯಿತು. ಆದರೆ ಸಡಿಲ ಚಕ್ಕೆಯ ಮೇಲೆ ಹಚ್ಚಿ ಪ್ರಯೋಜನವಿಲ್ಲ, ಚಕ್ಕೆ ಉದುರಿದರೆ ಅದೂ ಜೊತೆಗೇ ಉದುರುತ್ತದೆ. ಕನ್ನಡಕವಿಲ್ಲದೆ ಗ್ರೈಂಡರಿನ ಕಪ್ ಬ್ರಶ್ ಮುಟ್ಟಬೇಡ ಅಂತ ಹುಡುಗನಿಗೆ ಗದರಿದೆ. ಅದರ ತಂತಿ ಕಿತ್ತು ಹಾರಿದರೆ ಸೂಜಿಯೇ.

ಏಣಿಯದು ಬೇರೆ ಕತೆ. ಅದು ಜಿಐ ಪೈಪಿನದು, ಅಂದರೆ ಸತು ಲೇಪಿಸಿದ ಕಬ್ಬಿಣದ್ದು. ಅದರ ಎನಾಮಲ್ ಹಾಳೆಹಾಳೆಯಾಗಿ ಸುಲಿದು ಬಂತು, ಅಡಿಯಲ್ಲಿ ತುಕ್ಕಿನ ಸುಳಿವೇ ಇಲ್ಲ. ಸತುವಿನ ಜೊತೆ ಆಯಿಲ್ ಬಣ್ಣದ ಎಣ್ಣೆ ಸೇರಿ ಸಾಬೂನಿನಂಥ ಪದರವಾಗಿ ಹಿಡಿತ ಬಿಡುತ್ತದೆ. ಅದಕ್ಕೆ ಎಚ್ ಪ್ರೈಮರ್ (ಸತುವಿನ ಮೈ ಕೊಂಚ ಕೊರೆದು ಹಿಡಿಯುವ ‘ಎಚಿಂಗ್’ ಪ್ರೈಮರ್) ಬೇಕು, ರೆಡ್ ಆಕ್ಸೈಡ್ ನಡೆಯುವುದಿಲ್ಲ ಅಂದಾಗ ಪೇಂಟರ್ ಮೊದಲ ಸಲ ತಲೆಯಾಡಿಸಿದ.

ಉಳಿದದ್ದಕ್ಕೆಲ್ಲ ರೆಡ್ ಆಕ್ಸೈಡೇ. ಡಬ್ಬಿ ತೆಗೆದಾಗ ಹಳೆಯ ದಿನಗಳು ನೆನಪಾದವು. 2010ರಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಲ್ಲಿಸುವ ತನಕ ಬಳ್ಳಾರಿಯ ಅದಿರಿನ ಲಾರಿಗಳು ಅರೆಬೈಲು ಘಟ್ಟ ಇಳಿದು ಬೇಲೆಕೇರಿ ಬಂದರಿಗೆ ಸಾಲುಗಟ್ಟುತ್ತಿದ್ದವು. ರಸ್ತೆ ಬದಿಯ ಎಲೆಯೂ ಇದೇ ಬಣ್ಣಕ್ಕೆ ತಿರುಗಿತ್ತು. ಅದಿರಿನಲ್ಲಿದ್ದದ್ದೂ ಈ ಡಬ್ಬಿಯಲ್ಲಿರುವುದೂ ಅದೇ ಕಬ್ಬಿಣದ ಆಕ್ಸೈಡು. ಕಬ್ಬಿಣ ಉಳಿಸಲು ಅದನ್ನೇ ಬಳಿಯಬೇಕು ನೋಡಿ!

ಮಧ್ಯಾಹ್ನದ ಬಿಸಿಲಲ್ಲಿ ಎಲ್ಲ ಒಣಗಿದ ಕೂಡಲೇ ಪ್ರೈಮರ್ ಎಳೆಸಿದೆ. ಇಲ್ಲಿಯ ಗಾಳಿಗೆ ಬೆತ್ತಲೆ ತಗಡನ್ನು ರಾತ್ರಿ ಬಿಟ್ಟರೆ ಬೆಳಗ್ಗೆ ಕೆಂಪು ಕಟ್ಟಿರುತ್ತದೆ. ಸಂಜೆಯೇ ಎನಾಮಲ್ಲನ್ನೂ ಮುಗಿಸುತ್ತೇನೆ ಎಂದು ಅವನು ಹಠ ಹಿಡಿದ. ಬೇಡವೆಂದೆ, ಇಬ್ಬನಿ ಕೂತರೆ ಹೊಳಪು ಸಾಯುತ್ತದೆ.

ಟೂಲ್ ಬಾಕ್ಸಿನ ತಳಕ್ಕೆ ನೀರು ಇಳಿದು ಹೋಗಲು ತೂತು ಕೊರೆಸಿದ್ದಾಗಿದೆ. ಹೊಸ ಬ್ಯಾಟರಿ ಪೆಟ್ಟಿಗೆಗೆ ವೆಲ್ಡಿಂಗ್ ಅಂಗಡಿಯಲ್ಲಿ ಅಳತೆ ಕೊಡಬೇಕು. ರಿಫ್ಲೆಕ್ಟರ್ ಟೇಪ್ ತರಬೇಕು: ಮುಂದೆ ಬಿಳಿ, ಬದಿಗೆ ಹಳದಿ, ಹಿಂದೆ ಕೆಂಪು. ಬಿಸಿಲು ಬಂದರೆ ನಾಳೆ ಮೊದಲ ಕೋಟು.