ಆಷಾಢ ಕಳೀಲಿ, ನೋಡೋಣ

12 ಜುಲೈ 2025, ಶನಿವಾರ
ಶಿವಮೊಗ್ಗ

ಮಂಡಿನೋವಿನವರ ವ್ಯಾಯಾಮದ ಗುಂಪಿಗೆ ಹೆಸರು ಬರೆದುಕೊಳ್ಳಲು ಇವತ್ತು ಮಳೆಯಲ್ಲೇ ಮನೆಮನೆ ಸುತ್ತಿದೆ. ಸಿಕ್ಕ ಉತ್ತರ ಒಂದೇ: "ಆಷಾಢದಲ್ಲಿ ಹೊಸದೇನೂ ಬೇಡಮ್ಮ, ಶ್ರಾವಣ ಬರಲಿ." ಶ್ರಾವಣದಲ್ಲಿ ವರಮಹಾಲಕ್ಷ್ಮಿ, ಆಮೇಲೆ ಗೌರಿ-ಗಣೇಶ. ಹಾಗೆ ನೋಡಿದರೆ ದಸರಾ ತನಕ ಯಾರಿಗೂ ಪುರುಸೊತ್ತಿಲ್ಲ.

ಆಷಾಢ ಸುಮ್ನೆ ನೆಪ. ಕೂತು ಕಾಫಿ ಕುಡಿದರೆ ನಿಜ ಹೊರಗೆ ಬರುತ್ತದೆ. ರಿಟೈರ್ ಆದ ಮೇಷ್ಟ್ರೊಬ್ಬರು ಎಕ್ಸ್‌ರೇ ತಂದು ತೋರಿಸಿದರು. "ಸವೆದಿದೆ ಅಂತಾರೆ. ಇನ್ನೂ ಸವೆಸೋದಾ?" ಈ ಹೆದರಿಕೆ ಎಲ್ಲರಿಗೂ ಇದೆ, ಕೆಲವರು ಹೇಳುವುದಿಲ್ಲ ಅಷ್ಟೆ. ಕೀಲಿನ ಮೆತ್ತನೆ ಪದರಕ್ಕೆ ರಕ್ತನಾಳ ಇಲ್ಲ. ಕೀಲಿನೊಳಗಿನ ದ್ರವವೇ ಅದಕ್ಕೆ ಆಹಾರ. ಕಾಲಾಡಿಸಿ, ಭಾರ ಹಾಕಿ ತೆಗೆದಾಗಲೇ ಆ ದ್ರವ ಚೆನ್ನಾಗಿ ಒಳಹೊರಗೆ ಓಡಾಡುವುದು. ಕೂತೇ ಇದ್ದರೆ ತೊಡೆಯ ಸ್ನಾಯು ಸೊರಗಿ ಮಂಡಿಗೆ ಆಸರೆಯೇ ಇಲ್ಲದಂತಾಗುತ್ತದೆ. ಇಷ್ಟೆಲ್ಲ ಕೇಳಿ ಮೇಷ್ಟ್ರು, "ಮಾಡುವಾಗ ನೋವಾದ್ರೆ?" ಅಂದರು.

ಅದೇ ಅಸಲಿ ಪ್ರಶ್ನೆ. ಮಂಡಿ, ಸೊಂಟದ ಕೀಲು ಸವೆದವರಿಗೆ ವ್ಯಾಯಾಮ ಕಲಿಸಲು ಡೆನ್ಮಾರ್ಕ್‌ನಲ್ಲಿ 2013ರಲ್ಲಿ ಶುರುವಾದ 'ಗ್ಲಾಡ್' ಕಾರ್ಯಕ್ರಮದ ಲೆಕ್ಕ ಹೇಳಿದೆ. ನೋವನ್ನು ಸೊನ್ನೆಯಿಂದ ಹತ್ತರ ತನಕ ಅಳೆದರೆ ಐದರಷ್ಟು ಬಂದರೂ ಪರವಾಗಿಲ್ಲ, ಮಾರನೇ ದಿನಕ್ಕೆ ಇಳಿದು ಮೊದಲಿನಷ್ಟೇ ಆಗಬೇಕು. ಜಾಸ್ತಿಯಾದರೆ ಕಡಿಮೆ ಮಾಡುವುದು. ಲೆಕ್ಕ ಅಂದ ಕೂಡಲೇ ಮೇಷ್ಟ್ರ ಮುಖ ಸ್ವಲ್ಪ ಸಡಿಲವಾಯಿತು.

ಪಕ್ಕದ ಮನೆಯ ಅಜ್ಜಿಯ ಮಂಡಿ ಊದಿ ಬಿಸಿಯಾಗಿತ್ತು. ಮೊದಲು ಡಾಕ್ಟರಿಗೆ ತೋರಿಸಿ ಅಂದೆ.

ಹೆಂಗಸರಿಗೆ ಬೇರೆಯದೇ ತೊಡಕು. ಬೆಳಗ್ಗೆ ಆರಕ್ಕೆ ಅಂದರೆ ಯಾರು ಬರುತ್ತಾರೆ? ಮೊಮ್ಮಕ್ಕಳ ಟಿಫನ್ ಬಾಕ್ಸ್ ಯಾರು ಕಟ್ಟುವುದು? ಹನ್ನೊಂದು ಗಂಟೆ ಅಂದಾಗ ಇಬ್ಬರು ಒಪ್ಪಿದರು. ಜಾಗವೂ ಬದಲಾಗಿದೆ. ಬಿಟ್ಟಿ ಸಿಕ್ಕ ಹಾಲ್ ಮೊದಲ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಮಂಡಿನೋವಿನವರಿಗೆ ಅಲ್ಲಿ ಕ್ಲಾಸ್ ಅಂದರೆ ನಗಬೇಕಷ್ಟೆ. ಈಗ ಭಜನಾ ಮಂದಿರದ ಕೆಳಗಿನ ಹಜಾರ, ಚಾಪೆ ಬದಲು ಕುರ್ಚಿ. ನೆಲಕ್ಕೆ ಕೂತರೆ ಏಳುವುದು ಹೇಗೆ ಅನ್ನುವ ಚಿಂತೆ ಅವರಿಗೆ.

ನನಗಿಂತ ಚೆನ್ನಾಗಿ ಜನ ಸೇರಿಸುವವರು ಹೋದ ಸಲದ ಗುಂಪಿನ ಒಬ್ಬ ಅಕ್ಕ. 2023ರಲ್ಲಿ ಬಸ್ ಫ್ರೀ ಆದರೂ ಅವರಿಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಈಗ ಒಬ್ಬರೇ ಭದ್ರಾವತಿಯ ತಂಗಿ ಮನೆಗೆ ಹೋಗಿ ಬರುತ್ತಾರೆ. ಅವರು ಇದನ್ನು ಹೇಳಿದರೆ ಸಾಕು, ನನ್ನ ಪಾಂಪ್ಲೆಟ್ ಯಾರಿಗೂ ಬೇಡ.

ಮೇಷ್ಟ್ರು ಗೇಟಿನ ತನಕ ಬಂದರು. "ಸೋಮವಾರ ಬಂದು ನೋಡ್ತೀನಿ. ಹೆಸರು ಪೆನ್ಸಿಲ್‌ನಲ್ಲಿ ಬರ್ಕೊಳ್ಳಿ."